ಗರ್ಭಿಣಿಗೆ ಶುಗರ್ ಇದ್ದರೆ ಇನ್ಸುಲಿನ್ ತಪ್ಪಿಸಿಕೊಳ್ಳುವುದು ಹೇಗೆ?

ಇಪ್ಪತ್ತೆಂಟನೇ ವಾರ, ಊಟದ ನಂತರದ ಶುಗರ್ 160 ದಾಟುತ್ತಿದೆ, ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿ ಬೆಳೆದಿದೆ ಎಂದಿರುವಾಗ ಇನ್ಸುಲಿನ್ ಏಕೆ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ಹಾಸನದಲ್ಲಿ ನಾನು ಇದೇ ಮಾತನ್ನು ಆಡಿದ್ದೆ.

ನನಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆದಾಗ 172 ಬಂದಿತ್ತು. 140 ಮುಟ್ಟಿದರೇ ಗರ್ಭಿಣಿಯ ಮಧುಮೇಹವೆಂದು ಲೆಕ್ಕ. ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾದ ಎರಡು ಗಂಟೆಗೆ 120ರ ಒಳಗೆ ಇರಬೇಕು, ದಿನಕ್ಕೆ ನಾಲ್ಕು ಸಲ ನೋಡಿ ಬರೆದು ತನ್ನಿ ಎಂದು ಡಾಕ್ಟರ್ ಹೇಳಿ ಕಳಿಸಿದರು.

ನನ್ನ ತಪ್ಪನ್ನು ಬಿಡಿಸಿಯೇ ಹೇಳುತ್ತೇನೆ. ಒಮ್ಮೆ ಇನ್ಸುಲಿನ್ ಹಿಡಿದರೆ ಜೀವನಪೂರ್ತಿ ಬಿಡದು ಎಂಬ ಭಯ ನನಗಿತ್ತು. ಆಲೂರಿನ ಹತ್ತಿರದ ತವರಿನಲ್ಲಿ ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆಯ ಮೇಲೆ ಅನ್ನ, ಸಂಜೆ ಬೆಲ್ಲದ ಕಾಫಿ ನಡೆದೇ ಇತ್ತು. ಆಸ್ಪತ್ರೆಗೆ ಹೋಗುವ ಮೂರು ದಿನ ಮುಂಚೆ ಮಾತ್ರ ಅರ್ಧ ಮುದ್ದೆ, ಸೊಪ್ಪಿನ ಸಾರು ಉಂಡು, ಅಂಗಳದಲ್ಲಿ ಹತ್ತು ಸುತ್ತು ಹಾಕಿ ಬೆರಳು ಚುಚ್ಚಿಕೊಳ್ಳುತ್ತಿದ್ದೆ. ಉಳಿದ ದಿನಗಳಲ್ಲಿ ನೋಡುತ್ತಿದ್ದುದು ಬೆಳಗಿನದೊಂದೇ, ಏಕೆಂದರೆ ಅದು 88, 90ಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಶುಗರ್ ಬರೆಯುವ ಪುಸ್ತಕದಲ್ಲಿ ಊಟದ ನಂತರದ ಖಾಲಿ ಅಂಕಣಗಳಲ್ಲಿ 112, 115 ಎಂದು ನಾನೇ ಬರೆದು ತುಂಬಿದೆ. ಆ ಪುಸ್ತಕವನ್ನು ನಂಬಿ ಡಾಕ್ಟರ್ ಇನ್ಸುಲಿನ್ ಸದ್ಯಕ್ಕೆ ಬೇಡವೆಂದರು. ರಾಗಿ ತಿಂದರೆ ಶುಗರ್ ಏರದು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ, ಆದರೆ ರಾಗಿಯೂ ಪಿಷ್ಟವೇ; ಮುದ್ದೆ ದೊಡ್ಡದಾದಷ್ಟೂ ಶುಗರ್ ಏರುತ್ತದೆ.

34ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಆ ವಾರಕ್ಕೆ ಇರಬೇಕಾದುದಕ್ಕಿಂತ ಹೆಚ್ಚಿದ್ದಾಗ ಮನೆಯವರೆಲ್ಲ ಮಗು ಪುಷ್ಟಿಯಾಗಿದೆ ಎಂದು ಹಿಗ್ಗಿದರು. ಅದು ಪುಷ್ಟಿಯಾಗಿರಲಿಲ್ಲ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಸೇರುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಮಗುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಿ, ಬಂದ ಸಕ್ಕರೆಯನ್ನು ಹೊಟ್ಟೆ, ಹೆಗಲುಗಳ ಸುತ್ತ ಕೊಬ್ಬಾಗಿ ಕೂಡಿಡುತ್ತದೆ.

ನನ್ನ ಮಗ 4.3 ಕೆ.ಜಿ. ಇದ್ದ. ತಲೆ ಬಂದು ಹೆಗಲು ಸಿಕ್ಕಿಕೊಂಡಿತು, ಬಿಡಿಸುವಾಗ ಕಾಲರ್ ಎಲುಬು ಬಿರುಕು ಬಿಟ್ಟಿತು. ಅದು ಕೆಲವೇ ವಾರಗಳಲ್ಲಿ ಕೂಡಿಕೊಂಡಿತು. ನನ್ನನ್ನು ಇಂದಿಗೂ ಕಾಡುವುದು ನಂತರದ ಒಂದು ಗಂಟೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ನನ್ನಿಂದ ಹೋಗುತ್ತಿದ್ದ ಸಕ್ಕರೆ ನಿಂತಿತು, ಅವನ ಇನ್ಸುಲಿನ್ ಮಾತ್ರ ಹಾಗೆಯೇ ಸುರಿಯುತ್ತಿತ್ತು. ಅಷ್ಟು ದುಂಡಗಿದ್ದ ಕೂಸಿನ ಕೈಬೆರಳುಗಳು ಅದುರತೊಡಗಿದವು, ಮೊಲೆ ಹಿಡಿಯಲು ಅವನಲ್ಲಿ ಶಕ್ತಿಯಿರಲಿಲ್ಲ. ಹಿಮ್ಮಡಿ ಚುಚ್ಚಿ ನೋಡಿದಾಗ ಶುಗರ್ 28. ರಟ್ಟಿನ ತುಂಡಿಗೆ ಪುಟ್ಟ ಕೈಯನ್ನು ಸುತ್ತಿ ಡ್ರಿಪ್ ಹಾಕಿ ನಾಲ್ಕು ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟರು, ಆಮೇಲೆ ಕಾಮಾಲೆಯೂ ಕಾಣಿಸಿತು. ಇಂಥ ಕೆಲವು ಶಿಶುಗಳ ಶ್ವಾಸಕೋಶ ಬಲಿಯುವುದೂ ತಡವಾಗುತ್ತದೆಯಂತೆ. ನಮ್ಮ ಪುಣ್ಯ, ಅದೊಂದು ಆಗಲಿಲ್ಲ. ಈಗ ಅವನು ಆರೋಗ್ಯವಾಗಿದ್ದಾನೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಹಳಷ್ಟು ಜನರಿಗೆ ಪಥ್ಯ, ನಡಿಗೆಯಿಂದಲೇ ಹತೋಟಿಗೆ ಬರುತ್ತದೆ ನಿಜ, ಆದರೆ ಪಥ್ಯದ ನಂತರವೂ 160 ಬರುತ್ತಿದ್ದರೆ ಸೂಜಿಯನ್ನು ಮುಂದೂಡಬೇಡಿ. ಎರಡನೆಯ ಬಸುರಿನಲ್ಲಿ ನಾನು 27ನೇ ವಾರದಿಂದ ಇನ್ಸುಲಿನ್ ತೆಗೆದುಕೊಂಡೆ, ಮಗಳು 3.1 ಕೆ.ಜಿ. ಹುಟ್ಟಿ ಅರ್ಧ ಗಂಟೆಯಲ್ಲಿ ಹಾಲು ಕುಡಿದಳು, ಹೆರಿಗೆಯಾದ ದಿನವೇ ನನ್ನ ಇನ್ಸುಲಿನ್ ನಿಂತಿತು.

ಪುಸ್ತಕದಲ್ಲಿ ನೋಡದ ದಿನವನ್ನು ಖಾಲಿ ಬಿಡಿ, 180 ಬಂದರೆ 180 ಎಂದೇ ಬರೆಯಿರಿ. ನವಜಾತ ಶಿಶುವಿನ ಶುಗರ್ ಮೇಲೆ ಕಣ್ಣಿಡುವ ವ್ಯವಸ್ಥೆಯಿರುವ ಕಡೆ ಹೆರಿಗೆ ಮಾಡಿಸಿಕೊಳ್ಳಿ, ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿ. ಬಾಣಂತನದ ನಡುವೆಯೂ ಆರನೇ ವಾರದ ಗ್ಲೂಕೋಸ್ ಪರೀಕ್ಷೆಯನ್ನು ಬಿಡಬೇಡಿ, ಏಕೆಂದರೆ ನಮ್ಮಂಥವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು.