ಹೊಸ ಆಸ್ಪತ್ರೆ ಇಷ್ಟಿದ್ದರೂ ಅವ್ವನಿಗೆ ಬೆಡ್ ಯಾಕಿಲ್ಲ?

ಆಳಂದ ತಾಲ್ಲೂಕಿನ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. 78 ವರ್ಷದ ಅವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು, ಖಾಸಗಿಯಲ್ಲಿ ಆಪರೇಷನ್ ಆಯಿತು, ನಾಲ್ಕನೇ ದಿನಕ್ಕೆ ಮನೆಗೆ ಕಳಿಸಿದರು, ಬೆನ್ನಿಗೆ ಹುಣ್ಣಾಗಿ ಸರ್ಕಾರಿ ದವಾಖಾನೆಗೆ ಕರೆತಂದರೆ ಬೆಡ್ ಖಾಲಿ ಇಲ್ಲ ಅಂದರು. ಕಲಬುರಗಿಯಲ್ಲಿ ಇಷ್ಟೊಂದು ಹೊಸ ಆಸ್ಪತ್ರೆ ಎದ್ದರೂ ಮುದುಕರಿಗೆ ಜಾಗ ಯಾಕಿಲ್ಲ ಅಂತ ಕೇಳಿದ್ದೀರಿ.

ಆ ಬೆಡ್‌ಗಳು ನಿಮ್ಮ ಅವ್ವನಂಥವರಿಗೆ ಅಂತ ಹಾಕಿದ್ದಲ್ಲ. ಖಾಸಗಿಯವರಿಗೆ ದುಡ್ಡು ಬರುವುದು ಆಪರೇಷನ್, ಐಸಿಯು, ಸ್ಕ್ಯಾನಿಂಗ್‌ನಿಂದ. ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೂ ಒಂದು ಆಪರೇಷನ್‌ಗೆ ಇಂತಿಷ್ಟು ಅಂತ ಪ್ಯಾಕೇಜ್. ರೋಗಿ ಜಾಸ್ತಿ ದಿನ ಮಲಗಿದಷ್ಟೂ ಅವರಿಗೆ ನಷ್ಟವೇ. ಆದರೆ ಸೊಂಟ ಮುರಿದ ವಯಸ್ಸಾದವರ ಕಷ್ಟ ಶುರುವಾಗುವುದೇ ಆಮೇಲೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಡಿದು ನಡೆಸಬೇಕು. ಆ ವಾರಗಳ ಭಾರವೆಲ್ಲ ಬೀಳುವುದು ಸರ್ಕಾರಿ ವಾರ್ಡಿನ ಮೇಲೆ, ಇಲ್ಲಾ ಮನೆಯ ಹೆಣ್ಣುಮಕ್ಕಳ ಮೇಲೆ.

ಹೋದ ಬೇಸಿಗೆಯಲ್ಲಿ ಒಂದು ವಾರ್ಡ್ ನೋಡಿದೆ. ಎರಡು ಮಂಚಗಳ ನಡುವೆ ಚಾಪೆ ಮೇಲೆ ಒಬ್ಬ ಅಜ್ಜ. ತಲೆಯ ಹತ್ತಿರ ರೊಟ್ಟಿ ಗಂಟು. ಮಗಳು ಎಕ್ಸ್‌ರೇ ಕವರಿನಿಂದ ಗಾಳಿ ಬೀಸುತ್ತಾ ಕೂತಿದ್ದಳು. ಆ ಬಿಸಿಲಲ್ಲಿ ನೆಲವೂ ಕಾದಿತ್ತು.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ, ಸರ್ಕಾರಿ ಆಸ್ಪತ್ರೆಗಳು ಸಾಧ್ಯವಾದಷ್ಟೂ ಹಿರಿಯರೆಲ್ಲರಿಗೂ ಹಾಸಿಗೆ ಕೊಡಬೇಕು ಅನ್ನುತ್ತದೆ. ‘ಸಾಧ್ಯವಾದಷ್ಟೂ’ ಅನ್ನೋ ಆ ಒಂದು ಪದದ ಹಿಂದೆ ಎಷ್ಟು ವರ್ಷ ಅಂತ ಅಡಗಿಕೊಳ್ಳುವುದು? ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ 10 ಹಾಸಿಗೆಯ ವಾರ್ಡ್ ಇದೆ. ಒಂದು ಜಿಲ್ಲೆಗೆ ಹತ್ತು! ಆಳಂದ, ಚಿಂಚೋಳಿ, ಅಫಜಲಪುರದ ತಾಲ್ಲೂಕು ಆಸ್ಪತ್ರೆಗಳಲ್ಲೇ ಹಿರಿಯರಿಗೆ ಬೇರೆ ವಾರ್ಡ್ ಬೇಕು. ನರ್ಸ್, ಫಿಸಿಯೋಥೆರಪಿಯವರು ಬೇಕು. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ? ಹೃದ್ರೋಗಿಗಳಿಗೆ ಅಂತ ಸರ್ಕಾರದ ಜಯದೇವ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ ಶುರುವಾಯಿತಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಬೆಡ್ ಕೇಳಿ ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಜಿ ಬರೆಯಿರಿ, 20ನೇ ಕಲಂ ಹೆಸರಿಸಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ ‘ಇಲ್ಲ’ಕ್ಕೆ ದಾಖಲೆ ಇರುವುದಿಲ್ಲ. ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಅವ್ವನಿಗೆ ಗಾಳಿ ಹಾಸಿಗೆ ಸಿಕ್ಕಿತಾ, ಹುಣ್ಣು ಈಗ ಹೇಗಿದೆ, ಅದನ್ನೂ ಬರೆಯಿರಿ.

— ಸಂಪಾದಕ