ಹೊಲದ ಹತ್ತಿರ ಗಣಿ ಬಂದರೆ ಬೆಳೆಗೆ ಧೂಳಿನ ಕಾಟ ಮಾತ್ರವೇ?

ಎರಡು ಕಿಲೋಮೀಟರ್ ದೂರದಲ್ಲಿ ಗಣಿ ಶುರುವಾಗಲಿದೆ, 'ಸ್ವಲ್ಪ ಧೂಳು ಬರುತ್ತೆ, ಮಳೆ ಬಿದ್ದರೆ ತೊಳೆದು ಹೋಗುತ್ತೆ' ಅನ್ನುತ್ತಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಮಣ್ಣು, ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಧೂಳಿನ ಮಾತು ನಿಜ. ಆದರೆ ನಾನು ಹೆದರುವುದು ಧೂಳಿಗಲ್ಲ.

ಧೂಳು ಎಲೆಯ ಮೇಲೆ ಕೂತರೆ ಬಿಸಿಲು ಸರಿಯಾಗಿ ತಾಕುವುದಿಲ್ಲ, ಎಲೆ ಉಸಿರಾಡುವ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಹೂ ಬಿಡುವ ಹೊತ್ತಿಗೆ ಬಂದರೆ ಕಾಯಿ ಕಟ್ಟುವುದೂ ಕಡಿಮೆ. ಇದರಲ್ಲಿ ದೊಡ್ಡ ಪಾಲು ಗಣಿಗುಂಡಿಯಿಂದಲ್ಲ, ಲಾರಿ ಓಡಾಡುವ ಮಣ್ಣುರಸ್ತೆಯಿಂದ ಏಳುತ್ತದೆ. ಹಾಗಾಗಿ ಗಣಿ ಎಷ್ಟು ದೂರ ಎನ್ನುವುದಕ್ಕಿಂತ ಲಾರಿಯ ದಾರಿ ಎಲ್ಲಿ ಹಾದುಹೋಗುತ್ತದೆ ಎಂದು ವಿಚಾರಿಸಿ.

ಇನ್ನು ನೀರು. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಕೆಲಸ ನಡೆಯಲು ನೀರನ್ನು ಹೊರಗೆ ಎತ್ತುತ್ತಲೇ ಇರಬೇಕು. ಆಗ ಅದು ಸುತ್ತಲಿನ ನೀರನ್ನೆಲ್ಲ ತನ್ನತ್ತ ಎಳೆಯುವ ಒಂದು ಭಾರಿ ಬಾವಿಯಾಗುತ್ತದೆ. ಬಂಡೆಯ ನೆಲದಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಅದಕ್ಕೇ ನಿಮ್ಮ ಬಾವಿ ಬತ್ತಿದರೂ ಪಕ್ಕದವರ ಬಾವಿ ತುಂಬಿರಬಹುದು, ಜನ 'ಮಳೆ ಕಮ್ಮಿ ಆಯ್ತು' ಎಂದು ಸುಮ್ಮನಾಗಬಹುದು.

ನೀರಿನ ಪ್ರಮಾಣ ಇಳಿಯುವುದಕ್ಕಿಂತ ಗುಣ ಕೆಡುವುದು ಇನ್ನೂ ಕಷ್ಟ. ತಾಮ್ರ, ಸತು, ಸೀಸ, ಚಿನ್ನ, ಕಲ್ಲಿದ್ದಲು ಸಿಗುವ ಎಷ್ಟೋ ಕಡೆ ಕಲ್ಲಿನಲ್ಲಿ ಪೈರೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇರುತ್ತದೆ. ನೆಲದಡಿ ಇರುವವರೆಗೆ ಅದು ತಣ್ಣಗಿರುತ್ತದೆ. ಅಗೆದು ಹೊರಗೆ ಸುರಿದ ಮೇಲೆ ಗಾಳಿ, ನೀರು ತಾಕಿ ಗಂಧಕಾಮ್ಲವಾಗುತ್ತದೆ. ಗಣಿ ಮುಚ್ಚಿದರೂ ಇದು ನಿಲ್ಲುವುದಿಲ್ಲ. ಸ್ಪೇನಿನ ರಿಯೋ ಟಿಂಟೋ ನದಿ ಇಂದಿಗೂ ಕೆಂಪಾಗಿ, ನಿಂಬೆರಸದಷ್ಟು ಹುಳಿಯಾಗಿ ಹರಿಯುತ್ತದೆ. ಅದರ ದಡದಲ್ಲಿ ಸಾವಿರಾರು ವರ್ಷ ಗಣಿಗಾರಿಕೆ ನಡೆದಿದೆ. ಇಂಥ ನೀರು ಹೊಲಕ್ಕೆ ಹರಿದು ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗಿಳಿದರೆ ಮಣ್ಣಿನಲ್ಲೇ ಇದ್ದ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಸುಡುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಬೆಳೆ ಏಳುವುದಿಲ್ಲ. ಹೆಮಟೈಟ್‌ನಂಥ ಕಬ್ಬಿಣದ ಅದಿರಿನ ಗಣಿಗಳಲ್ಲಿ ಈ ಆಮ್ಲದ ಕಾಟ ಸಾಮಾನ್ಯವಾಗಿ ಕಡಿಮೆ. ಅಲ್ಲಿ ಮಳೆಗೆ ಕೊಚ್ಚಿ ಬರುವ ಹೂಳೇ ಹೊಲ, ಕಾಲುವೆಗಳನ್ನು ಹಾಳುಮಾಡುತ್ತದೆ.

ಬೆಳೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ಜಪಾನಿನ ಕಾಮಿಯೋಕಾ ಗಣಿಯಿಂದ ಜಿಂಜು ನದಿಗೆ ಸೇರಿದ ಕ್ಯಾಡ್ಮಿಯಂ ಎಂಬ ವಿಷಲೋಹ ಗದ್ದೆಗಿಳಿದು ಅಕ್ಕಿಗೆ ಬಂತು. ಉಂಡವರ ಮೂಳೆಗಳು ಮುರಿಯತೊಡಗಿದವು. ಅದು ಗಣಿ ಮಾಲಿನ್ಯದ ರೋಗವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಭತ್ತ ಕ್ಯಾಡ್ಮಿಯಂ ಕಡಿಮೆ ಹೀರುತ್ತದೆ, ಆದರೆ ಆರ್ಸೆನಿಕ್ ಎಂಬ ಇನ್ನೊಂದು ವಿಷವನ್ನು ಹೆಚ್ಚು ಹೀರುತ್ತದೆ. ಎರಡೂ ಇರುವ ಮಣ್ಣಿನಲ್ಲಿ ರೈತ ಏನು ಮಾಡಬೇಕು? ನನ್ನ ಹತ್ತಿರ ಸುಲಭದ ಉತ್ತರವಿಲ್ಲ.

ಲ್ಯಾಬಿಗೆ ಬರುತ್ತಿದ್ದವರು ಬಹುತೇಕ ಬೆಳೆ ಕೆಟ್ಟ ಮೇಲೆಯೇ ಮಣ್ಣು ತರುತ್ತಿದ್ದರು. 'ಗಣಿ ಬರುವ ಮೊದಲು ಎಷ್ಟಿತ್ತು?' ಎಂದು ಕೇಳಿದರೆ ಯಾರ ಬಳಿಯೂ ಒಂದು ಚೀಟಿ ಇರುತ್ತಿರಲಿಲ್ಲ. ಪರಿಹಾರ ಕೇಳಲು ಹೋದಾಗ ಎದುರಿನವರು ಹಿಡಿಯುವುದೂ ಇದೇ ಎಳೆಯನ್ನು. ಆದ್ದರಿಂದ ಗಣಿ ಶುರುವಾಗುವ ಮೊದಲೇ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬಾವಿಯ ನೀರಿನ ಮಟ್ಟ ಅಳೆದು ತಾರೀಖು ಸಮೇತ ಬರೆದಿಡಿ. ಮಾನ್ಯತೆ ಪಡೆದ ಲ್ಯಾಬಿನಲ್ಲಿ ನೀರು, ಮಣ್ಣು ಎರಡನ್ನೂ ಪಿಎಚ್‌ಗೆ, ಲೋಹಗಳಿಗೆ ಪರೀಕ್ಷೆ ಮಾಡಿಸಿ. ಗಣಿಯಿಂದ ದೂರವಿರುವ, ಅಂಥದೇ ಮಣ್ಣಿನ ಇನ್ನೊಂದು ಹೊಲದ ಮಾದರಿಯನ್ನೂ ಕೊಡಿ, ಹೋಲಿಸಲು ಬೇಕಾಗುತ್ತದೆ.

ಅಗೆಯುವುದು ಯಾವ ಅದಿರು ಎಂದು ತಿಳಿಸಿದರೆ ಯಾವ ಯಾವ ಲೋಹಗಳನ್ನು ನೋಡಿಸಬೇಕೆಂದು ಹೇಳುತ್ತೇನೆ. ಎಲ್ಲಕ್ಕೂ ಮಾಡಿಸಿದರೆ ಸುಮ್ಮನೆ ದುಡ್ಡು ದಂಡ.