ಮುಧೋಳ ತರೋದಾ, ರಾಜಪಾಳಯಂ ತರೋದಾ? ನಿಮ್ಮ ಮನೆಗೆ ಎರಡೂ ಬೇಡ

ಮೈಸೂರಲ್ಲಿ 30×40 ಸೈಟಿನ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತೀರಿ, ಮನೇಲಿ ಅಮ್ಮ ಮತ್ತು ಎಂಟು ವರ್ಷದ ಮಗಳು. ಪಕ್ಕದ ಬೀದಿಯಲ್ಲಿ ಕಳ್ಳತನ ಆಗಿದೆ, ಅದಕ್ಕೇ ನಮ್ಮ ದೇಶದ್ದೇ ತಳಿಯ ಕಾವಲು ನಾಯಿ ಬೇಕು, ಬಾಗಲಕೋಟೆ ಕಡೆಯ ಮುಧೋಳ ನಾಯಿ ತರೋದಾ, ತಮಿಳುನಾಡಿನ ರಾಜಪಾಳಯಂ ನಾಯಿ ತರೋದಾ ಅಂತ ಬರೆದು ಕೇಳಿದ್ದೀರಿ. ಓದಿ ನಗು ಬಂತು. ಊರೊಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮನೆ ಕಥೆಯೇ.

ನಮ್ಮದು ರಾಣೆಬೆನ್ನೂರು. ಊರಂಚಿನ ಬಡಾವಣೆ, ಹಿತ್ತಲು ದಾಟಿದರೆ ಹೊಲ. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಮುಧೋಳ ನಾಯಿ ಹೆಸರು ಎತ್ತಿದ್ದೇ ತಡ, ನಮ್ಮ ಯಜಮಾನರಿಗೆ ನಿದ್ದೆ ಹೋಯಿತು. ಮರಿ ಬಂತು. ಕೆಂದು ಬಣ್ಣ, ಹಾಗಾಗಿ ಕೆಂಚ ಅಂತ ಹೆಸರಿಟ್ಟೆವು. ಬೆಳೀತಾ ಬೆಳೀತಾ ಕಾಲು ಉದ್ದ, ಸೊಂಟ ಸಣ್ಣ, ಪಕ್ಕೆಲುಬು ಎಣಿಸುವ ಹಾಗೆ. ಬಂದವರೆಲ್ಲ ‘ಯಾಕ್ರೀ, ಅನ್ನ ಹಾಕಲ್ವಾ?’ ಅಂತ ಕೇಳೋರು. ಆ ಜಾತಿ ಇರೋದೇ ಹಾಗೆ. ತುಪ್ಪ ಹಾಕಿ ಡುಮ್ಮ ಮಾಡಲು ಹೋಗಬೇಡಿ.

ಕೆಂಚ ಕರೆದರೆ ಬರುತ್ತಿದ್ದ. ನಾವು ಕೆಟ್ಟದ್ದು ಇಲ್ಲೇ. ಅಡುಗೆಮನೆಯಿಂದ ಕೂಗಿದರೆ ತಾರಸಿಯಿಂದ ಓಡಿ ಬರೋನು. ಹಿತ್ತಲಲ್ಲಿ ಕೂಗಿದರೆ ಗೇಟಿನ ಹತ್ತಿರದಿಂದ ಬರೋನು. ಇಷ್ಟು ಸಾಕು ಅಂದುಕೊಂಡು ಸಂಜೆ ಹೊಲದಲ್ಲಿ ಹಗ್ಗ ಬಿಚ್ಚಿ ಬಿಡಲು ಶುರು ಮಾಡಿದೆವು. ಸುಮಾರು ಕಾಲ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ನಮ್ಮ ಧೈರ್ಯ ಹೆಚ್ಚಿಸಿತು.

ಗೋವಿನಜೋಳ ಕಟಾವಾದ ಮೇಲೆ ಆ ಹೊಲದಲ್ಲಿ ಕುರಿ ಮಂದೆ ತಂದು ನಿಲ್ಲಿಸಿದ್ದರು. ಒಂದು ಕುರಿ ಬೆದರಿ ಮಂದೆ ಬಿಟ್ಟು ಓಡಿತು. ಕೆಂಚನ ತಲೆ ಮೇಲೆದ್ದಿತು, ಕಿವಿ ಹಿಂದಕ್ಕೆ ಅಂಟಿತು, ಮೈ ಒಂದು ಕ್ಷಣ ಕಲ್ಲಾಯಿತು. ಹಿಡಿಯಬೇಕಾದರೆ ಆ ಕ್ಷಣದಲ್ಲೇ ಹಿಡಿಯಬೇಕು. ಕೊರಳಲ್ಲಿ ಹಗ್ಗ ಇಲ್ಲ, ಏನು ಹಿಡೀತೀರಿ? ಕೂಗಿದೆವು, ಬಿಸ್ಕತ್ ಪ್ಯಾಕೆಟ್ ಅಲ್ಲಾಡಿಸಿದೆವು. ನಾವು ಅಲ್ಲಿ ಇದ್ದೇವೆ ಅನ್ನೋದೇ ಅವನಿಗೆ ಮರೆತಿತ್ತು.

ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮರಿ ಮಾರೋರು ಹೇಳಲ್ಲ. ಮುಧೋಳ ಮೂಸಿ ಹುಡುಕೋ ನಾಯಿ ಅಲ್ಲ, ಕಣ್ಣಲ್ಲಿ ಬೇಟೆಯಾಡೋ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಅದರ ಹಿಂದೆ ಬೀಳುತ್ತೆ. ತಲೆಮಾರುಗಟ್ಟಲೆ ಮೊಲ, ಜಿಂಕೆ ಹಿಡಿಯೋಕೆ ಅಂತಲೇ ಬೆಳೆಸಿದ ಗುಣ ಅದು. ಓಡೋ ವಸ್ತು ಇಲ್ಲದ ಜಾಗದಲ್ಲಿ ಅವನು ಕರೆದಾಗ ಬಂದಿದ್ದಕ್ಕೆ ಬೆಲೆಯೇ ಇಲ್ಲ. ಪರೀಕ್ಷೆ ಆಗಬೇಕಿದ್ದದ್ದು ಓಡೋ ವಸ್ತುವಿನ ಎದುರು, ಅದೂ ಉದ್ದ ಹಗ್ಗ ಕಟ್ಟಿಕೊಂಡು, ಮೊದಲು ದೂರದಿಂದ, ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರದಿಂದ. ನಾವು ಒಂದು ದಿನವೂ ಮಾಡಿರಲಿಲ್ಲ. ಮರಿಯಿದ್ದಾಗ ಕುರಿ, ಮೇಕೆ, ಕೋಳಿ ತೋರಿಸಿಯೂ ಇರಲಿಲ್ಲ. ಇಂಜೆಕ್ಷನ್ ಎಲ್ಲ ಮುಗಿಯೋವರೆಗೆ ಹೊರಗೆ ಬೇಡ ಅಂತ ಒಳಗೇ ಇಟ್ಟಿದ್ದೆವು. ನೆಲಕ್ಕೆ ಬಿಡದೆ ಎತ್ತಿಕೊಂಡಾದರೂ ತೋರಿಸಬಹುದಿತ್ತು.

ಎರಡು ಕುರಿ ಸತ್ತವು. ಒಂದು ಗಬ್ಬದ್ದು. 28 ಸಾವಿರ ಕೊಟ್ಟೆವು. ಕುರಿಯವರ ಅಜ್ಜ ಬೈಯಲಿಲ್ಲ. ‘ನಮ್ಮದೂ ಇದೇ ಜಾತಿ ಐತಿ ಅಕ್ಕಾರ, ಆದ್ರ ಅದು ಮರಿಯಿಂದ ಕುರಿ ಮಗ್ಗಲಾಗ ಮಲಗಿ ಬೆಳದೈತಿ’ ಅಂದ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಹೆದರಿ ಸರಪಳಿ ಹಾಕಿದೆವು. ಅದು ಇನ್ನೂ ಕೆಟ್ಟದ್ದು. ಕಂಬ ಸುತ್ತಿ ಸುತ್ತಿ ನೆಲ ಸವೆಸಿದ, ತನ್ನ ಮುಂಗಾಲು ತಾನೇ ನೆಕ್ಕಿ ಹುಣ್ಣು ಮಾಡಿಕೊಂಡ. ಕೊನೆಗೆ ಹಾನಗಲ್ ಹತ್ತಿರದ ನಮ್ಮ ತವರಿನ ತೋಟಕ್ಕೆ ಕಳಿಸಿದೆವು. ಅಲ್ಲಿ ಸುತ್ತ ಎತ್ತರದ ತಂತಿಬೇಲಿ ಇದೆ, ದಿನಾ ಓಡಿಸೋಕೆ ನಮ್ಮ ತಮ್ಮ ಇದ್ದಾನೆ.

ಈಗ ನಿಮ್ಮ ವಿಷಯ. ಸೇನೆಯವರೇ ಮುಧೋಳ ತಗೊಂಡಿದ್ದಾರೆ ಅಂತ ಬರೆದಿದ್ದೀರಿ. ನಿಜ, 2016ರಲ್ಲಿ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಆದರೆ ಅಲ್ಲಿ ನಾಯಿ ನೋಡಿಕೊಳ್ಳೋದಕ್ಕೇ ಸಂಬಳ ತಗೊಳ್ಳೋ ಮನುಷ್ಯ ಇರ್ತಾನೆ. ನಿಮ್ಮನೇಲಿ ಯಾರು? ಅಮ್ಮನಾ? 25 ಕೆಜಿ ನಾಯಿ ಬೆಕ್ಕು ನೋಡಿ ಜಗ್ಗಿದರೆ ಹಗ್ಗ ಹಿಡಿದ ಅಮ್ಮನೂ ಜೊತೆಗೇ ಹೋಗ್ತಾರೆ.

ಹಾಗಾದ್ರೆ ರಾಜಪಾಳಯಂ? ಕಾವಲಿಗೆ ಅದೇ ಮೇಲು, ಒಪ್ಪುತ್ತೇನೆ. ಬಿಳಿ ಮೈ, ಗುಲಾಬಿ ಮೂಗು, ನೋಡೋಕೂ ಗಂಭೀರ. ಆದರೆ ಹಂದಿ ಬೇಟೆಗೆ ಬಳಸುತ್ತಿದ್ದ ನಾಯಿ, ಮನೆಯವರನ್ನು ಬಿಟ್ಟು ಬೇರೆಯವರನ್ನು ಸುಲಭಕ್ಕೆ ಹತ್ತಿರ ಸೇರಿಸಲ್ಲ. ಮಗಳ ಗೆಳತಿಯರು ದಿನಾ ಬಂದು ಹೋಗೋ ಮನೆಗೆ ಅದು ತಲೆನೋವು. ಇನ್ನೊಂದು, ಈ ತಳಿಯಲ್ಲಿ ಹುಟ್ಟು ಕಿವುಡು ಜಾಸ್ತಿ. ಮರಿ ನೋಡೋಕೆ ಹೋದರೆ ಚಪ್ಪಾಳೆ ತಟ್ಟಿ ನಂಬಬೇಡಿ, ಕೈ ಆಡಿದ್ದು ಕಾಣುತ್ತೆ. ತಟ್ಟೆ ಬೀಳಿಸಬೇಡಿ, ನೆಲದ ಅದುರು ತಿಳಿಯುತ್ತೆ. ಮರಿ ಒಂದೇ ಮಲಗಿರುವಾಗ ಹಿಂದಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸಿ, ಕಿವಿ ಆಡುತ್ತಾ ನೋಡಿ. 2005ರಲ್ಲಿ ಅಂಚೆ ಇಲಾಖೆ ತಂದ ನಾಯಿ ಚಿತ್ರದ ಅಂಚೆಚೀಟಿಗಳಲ್ಲಿ ಈ ಎರಡೂ ತಳಿ ಇವೆ. ಅಲ್ಲಿ ಎರಡೂ ಚೆಂದ.

ಕಳ್ಳನ ಭಯಕ್ಕೆ ಗ್ರಿಲ್, ಗೇಟಿನ ದೀಪ, ಒಂದು ಕ್ಯಾಮೆರಾ ಸಾಕು. ಬೊಗಳೋಕೆ ಯಾರಾದರೂ ಬೇಕು ಅಂದರೆ ನಿಮ್ಮ ಬೀದಿಯಲ್ಲೇ ಮರಿ ಹಾಕಿರೋ ನಾಯಿ ಇರುತ್ತೆ. ಅದೂ ಈ ಮಣ್ಣಿನದೇ ಅಲ್ವಾ? ಅದರ ಒಂದು ಮರಿ ತಂದು ರೇಬಿಸ್ ಇಂಜೆಕ್ಷನ್, ಸಂತಾನಹರಣ ಚಿಕಿತ್ಸೆ ಮಾಡಿಸಿ ಸಾಕಿ. ಅಮ್ಮನ ಕೈಗೂ ಹಗ್ಗ ನಿಲ್ಲುತ್ತೆ.

ಇಷ್ಟಾದ ಮೇಲೂ ಮುಧೋಳವೇ ಬೇಕು ಅಂತ ಹಟ ಇದ್ದರೆ ಆನ್‌ಲೈನಲ್ಲಿ ದುಡ್ಡು ಹಾಕಬೇಡಿ. ಬೇಡಿಕೆ ಏರಿದ ಮೇಲೆ ಬೆರಕೆ ಮರಿಗಳನ್ನೂ ಅದೇ ಹೆಸರಲ್ಲಿ ಮಾರ್ತಾರೆ. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ವಿಚಾರಿಸಿ, ಖುದ್ದಾಗಿ ಹೋಗಿ ತಾಯಿ ನಾಯಿ ನೋಡಿ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ದೊಡ್ಡ ನಾಯಿಯ ಹಗ್ಗ ಒಮ್ಮೆ ಅವರ ಕೈಗೆ ಕೊಟ್ಟು ನೋಡಿ. ಅವರು ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.